ನಾಲ್ಕನೇ ಸೆನ್ಸರ್

ಜುಲೈ ಕೊನೆಯ ವಾರ ಮಲ್ಪೆ ಬಂದರಿನಲ್ಲಿ ನಿಂತರೆ ನೀರು ಕಾಣುವುದಿಲ್ಲ, ಬೋಟುಗಳೇ ಕಾಣುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲು ಬಂದ್. ಟ್ರಾಲ್ ಬೋಟು, ಪರ್ಸಿನ್ ಬೋಟು ಎಲ್ಲ ಪಕ್ಕೆಗೆ ಪಕ್ಕೆ ಒರಗಿಸಿಕೊಂಡು ನಿಂತಿರುತ್ತವೆ. ತಾಡಪಾಲಿನ ಕೆಳಗೆ ಬಲೆ ಹೊಲಿಯುವವರ ಕೈಗೆ ಬಿಡುವಿಲ್ಲ. ಹಲಗೆಗೆ ಬಣ್ಣ ಬಳಿಯುವವರು ಮಳೆ ಬಿಡುವುದನ್ನು ಕಾದು, ಬಿಟ್ಟ ಕೂಡಲೇ ಡಬ್ಬಿ ಹಿಡಿದು ಏಣಿ ಹತ್ತುತ್ತಾರೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನೆಷ್ಟು ದಿನ ಉಂಟು?

ಆ ದಿನಗಳ ಬಿಸಿ ಮೊದಲು ತಟ್ಟುವುದು ಐಸ್ ಪ್ಲಾಂಟಿಗೆ. ಬೋಟಿಗೆ ಡೀಸೆಲ್ ಎಷ್ಟು ಮುಖ್ಯವೋ ಐಸೂ ಅಷ್ಟೇ ಮುಖ್ಯ. ಆಳಸಮುದ್ರದಲ್ಲಿ ವಾರ, ಹತ್ತು ದಿನ ಇರುವ ಬೋಟು ಸ್ಟೋರೇಜಿನ ತುಂಬ ಪುಡಿ ಐಸ್ ಹಾಕಿಸಿಕೊಳ್ಳದೆ ಹೊರಡುವಂತಿಲ್ಲ. ಆಗಸ್ಟಿನ ಮೊದಲ ಬೆಳಗಿಗೆ ಐಸ್ ಸಿಗಬೇಕಾದರೆ, ಎರಡು ತಿಂಗಳಿಂದ ನಿಂತಿದ್ದ ಕಂಪ್ರೆಸರ್ ಕೆಲವು ದಿನ ಮೊದಲೇ ತಿರುಗಬೇಕು. ನಿಂತ ಪ್ಲಾಂಟನ್ನು ಮತ್ತೆ ಚಾಲೂ ಮಾಡುವ ಹೊತ್ತೇ ಗ್ಯಾಸ್ ಸೋರುವ ಹೊತ್ತು. ಗ್ಲಾಂಡಿನ ಪ್ಯಾಕಿಂಗ್ ಒಣಗಿರುತ್ತದೆ, ಗ್ಯಾಸ್ಕೆಟ್ ಬಿರುಸಾಗಿರುತ್ತದೆ, ಉಪ್ಪುಗಾಳಿ ಪೈಪಿನ ಬೆಸುಗೆಯನ್ನು ಎಲ್ಲಿ ತಿಂದಿದೆ ಎನ್ನುವುದು ಒತ್ತಡ ಏರುವವರೆಗೂ ಗೊತ್ತಾಗುವುದಿಲ್ಲ. ಹಾಗಾಗಿ ಕಂಪ್ರೆಸರಿನ ಸ್ವಿಚ್ ಒತ್ತುವ ಮೊದಲು ನೋಡಬೇಕಾದದ್ದು ಗೋಡೆಯ ಮೇಲಿನ ಆ ಸಣ್ಣ ಪೆಟ್ಟಿಗೆಯನ್ನು, ಗ್ಯಾಸ್ ಲೀಕ್ ಮಾನಿಟರನ್ನು. ನಾನು ಅದನ್ನು ನೋಡಲೆಂದೇ ಹೋಗಿದ್ದೆ.

ಧಕ್ಕೆಯಿಂದ ಸ್ವಲ್ಪ ಒಳಗಿನ ಪ್ಲಾಂಟು ಅದು, ಶೀಟಿನ ಮಾಡಿನದು. ಬಾಗಿಲು ದಾಟಿದರೆ ನೆಲದ ತುಂಬ ಮರದ ಮುಚ್ಚಳಗಳು. ಪ್ರತಿ ಮುಚ್ಚಳದ ಕೆಳಗೆ ಒಂದು ಐಸ್ ಕ್ಯಾನು, ಕ್ಯಾನುಗಳ ಸುತ್ತ ಬ್ರೈನ್ ಎಂಬ ದಪ್ಪ ಉಪ್ಪುನೀರು, ಆ ಬ್ರೈನಿನಲ್ಲಿ ಮುಳುಗಿರುವ ಕಾಯಿಲಿನೊಳಗೆ ಅಮೋನಿಯಾ. ಬ್ರೈನ್ ಮೈನಸ್ 10 ಡಿಗ್ರಿ ಆಸುಪಾಸಿಗೆ ಇಳಿದು ಹೆಚ್ಚುಕಡಿಮೆ ಒಂದು ದಿನ ನಿಂತರೆ ಕ್ಯಾನಿನ ನೀರು ಬ್ಲಾಕ್ ಆಗುತ್ತದೆ. ಪಕ್ಕದ ಕೋಣೆಯಲ್ಲಿ ಕಂಪ್ರೆಸರ್, ಅದರಾಚೆ ಅಮೋನಿಯಾ ತುಂಬಿಟ್ಟ ರಿಸೀವರ್, ಹೊರಗೆ ನೀರು ಸುರಿಸಿಕೊಂಡು ನಿಲ್ಲುವ ಕಂಡೆನ್ಸರ್ ಪೈಪುಗಳು.

ಅಮೋನಿಯಾ ಈ ಕೆಲಸಕ್ಕೆ ಬಂದು ಹತ್ತಿರ ಹತ್ತಿರ ನೂರೈವತ್ತು ವರ್ಷವಾಯಿತು. ಜರ್ಮನಿಯ ಕಾರ್ಲ್ ವಾನ್ ಲಿಂಡೆ 1870ರ ದಶಕದಲ್ಲೇ ಅಮೋನಿಯಾ ಕಂಪ್ರೆಸರ್ ಕಟ್ಟಿದ್ದರು. ಮೈನಸ್ 33 ಡಿಗ್ರಿಗೇ ಅದು ಕುದಿಯುತ್ತದೆ. ಒಂದು ಕಿಲೋ ಅಮೋನಿಯಾ ಆವಿಯಾಗುವಾಗ ಹೀರುವ ಶಾಖ, ತಂಪಿಗೆ ಬಳಸುವ ಇನ್ನೊಂದು ಗ್ಯಾಸ್ ಆರ್-22 ಕಿಲೋಗೆ ಹೀರುವುದರ ಐದು ಪಟ್ಟಿಗೂ ಹೆಚ್ಚು. ಓಝೋನ್ ಪದರಕ್ಕೆ ಅದರಿಂದ ತೊಂದರೆಯಿಲ್ಲ, ಭೂಮಿ ಬಿಸಿಯಾಗುವುದಕ್ಕೂ ಅದು ಕಾರಣವಲ್ಲ. ಬೆಲೆಯೂ ಕಡಿಮೆ. ಆದರೆ ಮನುಷ್ಯನ ಕಣ್ಣು, ಗಂಟಲು, ಶ್ವಾಸಕೋಶಗಳಿಗೆ ಅದು ವಿಷ. ಒಂದು ಲೀಟರ್ ದ್ರವ ಹೊರಗೆ ಚೆಲ್ಲಿದರೆ ಸುಮಾರು 850 ಲೀಟರ್ ಗ್ಯಾಸ್ ಆಗುತ್ತದೆ. ನಮ್ಮ ಹಳೆಯ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿ, ಎಂಟು ಗಂಟೆಯ ಪಾಳಿಗೆ 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ 25 ಭಾಗ), ಸ್ವಲ್ಪ ಹೊತ್ತಿಗಾದರೆ 35 ಪಿಪಿಎಂ ಎಂದು ಮಿತಿ ಹಾಕಿತ್ತು. 300 ಪಿಪಿಎಂ ಮುಟ್ಟಿದರೆ ಜೀವಕ್ಕೇ ಅಪಾಯ. ಅಲ್ಲಿಂದ ಕೂಡಲೇ ಹೊರಬೀಳಬೇಕು.

ಇಷ್ಟು ಕಟುವಾಸನೆಯ ಗ್ಯಾಸಿಗೆ ಮಾನಿಟರ್ ಯಾಕೆ ಬೇಕು ಎಂದು ಬಹಳ ಜನ ಕೇಳುತ್ತಾರೆ. ಆ ಪ್ಲಾಂಟಿನ ಆಪರೇಟರಿಗೆ ಅರವತ್ತು ದಾಟಿದೆ, ತಲೆಗೆ ಬೈರಾಸು ಸುತ್ತಿಕೊಂಡೇ ಇರುತ್ತಾರೆ. ಉತ್ತರ ಅವರ ಹತ್ತಿರವೇ ಇತ್ತು. “ಹೊರಗಿನಿಂದ ಬಂದ ನಿಮಗೆ ಬಾಗಿಲಲ್ಲೇ ಗೊತ್ತಾಗ್ತದೆ. ಇಡೀ ದಿನ ಒಳಗೇ ಇರುವ ನನಗೆ ಗೊತ್ತಾಗುದಿಲ್ಲ. ಮೂಗು ಒಗ್ಗಿ ಹೋಗಿರ್ತದೆ.” ವೈದ್ಯರು ಹೇಳುವುದೂ ಇದನ್ನೇ. ಸಣ್ಣ ಪ್ರಮಾಣದ ಅಮೋನಿಯಾದಲ್ಲಿ ದಿನಗಟ್ಟಲೆ ಕೆಲಸ ಮಾಡಿದವರ ಮೂಗು ಆ ವಾಸನೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನು ರಾತ್ರಿ ಎರಡು ಗಂಟೆಗೆ ಕಂಪ್ರೆಸರ್ ಕೋಣೆಯಲ್ಲಿ ಯಾರ ಮೂಗೂ ಇರುವುದಿಲ್ಲ.

ಪ್ಯಾನಲ್ ಇರುವುದು ಕಂಪ್ರೆಸರ್ ಕೋಣೆಯ ಹೊರಗೋಡೆಯಲ್ಲಿ, ಬಾಗಿಲಿನ ಪಕ್ಕ. ಅದು ಸರಿಯಾದ ಜಾಗ. ಒಳಗೆ ಎಷ್ಟು ಗ್ಯಾಸ್ ಇದೆ ಎಂದು ತಿಳಿಯಲು ಒಳಗೇ ಹೋಗಬೇಕಾದರೆ ಆ ಪ್ಯಾನಲ್ ಇದ್ದೂ ಪ್ರಯೋಜನವಿಲ್ಲ. ನಾಲ್ಕು ಸಾಲು, ಸಾಲಿಗೊಂದು ಅಂಕಿ, ಅಂಕಿಯ ಪಕ್ಕ ದೀಪ. ಒಂದನೇ ಸೆನ್ಸರ್ ಕಂಪ್ರೆಸರಿನ ಮೇಲ್ಗಡೆ, ಮಾಡಿನ ಹತ್ತಿರ. ಅಮೋನಿಯಾ ಗ್ಯಾಸ್ ಗಾಳಿಗಿಂತ ಹಗುರ, ಮೇಲಕ್ಕೇ ಏರುತ್ತದೆ. ಎರಡನೆಯದು ರಿಸೀವರಿನ ಹತ್ತಿರ, ಎದೆಯೆತ್ತರಕ್ಕೆ. ದ್ರವವಾಗಿ ಚಿಮ್ಮಿದ ಅಮೋನಿಯಾ ತಣ್ಣಗಿನ ಬಿಳಿ ಮಂಜಾಗಿ ನೆಲ ಹಿಡಿದು ಹರಿಯುತ್ತದೆ, ಮಾಡಿಗೆ ಹೋಗುವ ಹೊತ್ತಿಗೆ ತಡವಾಗಿರುತ್ತದೆ. ಮೂರನೆಯದು ಬ್ರೈನ್ ಟ್ಯಾಂಕಿನ ಹಾಲಿನಲ್ಲಿ. ನಾಲ್ಕನೆಯದು ಕಂಪ್ರೆಸರ್ ಕೋಣೆಯ ಒಳಮೂಲೆಯಲ್ಲಿ, ಆಯಿಲ್ ಡ್ರೇನ್ ಮಾಡುವ ವಾಲ್ವಿನ ಮೇಲೆ.

ಮಂಗಳೂರಿನಿಂದ ಬಂದ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಇಪ್ಪತ್ತೈದರ ಆಸುಪಾಸಿನ ಹುಡುಗ. ಬ್ಯಾಗಿನಲ್ಲಿ ಮಲ್ಟಿಮೀಟರ್, ಕೈಗೆ ಹಿಡಿಯುವ ಒಂದು ಗ್ಯಾಸ್ ಮೀಟರ್, ನೀರಿನ ಬಾಟಲಿಯಷ್ಟು ಎತ್ತರದ ಒಂದು ಸಿಲಿಂಡರ್. ಅವನನ್ನು ಕರೆಸಿದ್ದು ಎರಡನೇ ಸೆನ್ಸರಿಗಾಗಿ. ಅದರ ಅಂಕಿ 0 ಇದ್ದದ್ದು 15ಕ್ಕೆ ಹಾರುತ್ತದೆ, 8ಕ್ಕೆ ಇಳಿಯುತ್ತದೆ, ಮತ್ತೆ 0. ಮಳೆ ಜೋರಾದಂತೆ ಕುಣಿತವೂ ಜೋರು. ವಾಸನೆಯಂತೂ ಇಲ್ಲ.

ಹುಡುಗ ಸೆನ್ಸರನ್ನು ಮುಟ್ಟಲಿಲ್ಲ, ಮೊದಲು ಜಂಕ್ಷನ್ ಬಾಕ್ಸ್ ಬಿಚ್ಚಿದ. ಒಳಗೆ ಒಂದು ಚಮಚದಷ್ಟು ನೀರು. ಟರ್ಮಿನಲ್ ಸ್ಕ್ರೂಗಳ ಸುತ್ತ, ತಾಮ್ರದ ಎಳೆಗಳ ತುದಿಯಲ್ಲಿ ನೀಲಿ-ಹಸಿರು ಹಿಟ್ಟು. ಒದ್ದೆ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ; ಅಮೋನಿಯಾ ಪ್ಲಾಂಟಿನಲ್ಲಿ ಪೈಪೆಲ್ಲ ಕಬ್ಬಿಣದ್ದೇ ಇರುವುದು ಅದಕ್ಕೆ. ಇಲ್ಲಿ ಅದಕ್ಕೆ ಕಡಲ ಉಪ್ಪೂ ಸೇರಿದೆ. ಕೇಬಲ್ ಮೇಲಿನಿಂದ ನೇರ ಇಳಿದು ಬಾಕ್ಸಿನ ನೆತ್ತಿಯೊಳಗೆ ಹೊಕ್ಕಿತ್ತು, ಮಾಡಿನ ಹನಿ ಅದರ ಮೈಮೇಲೆ ಜಾರಿ ಒಳಗೆ ಬರುತ್ತಿತ್ತು. ಅವನು ತುದಿ ಕತ್ತರಿಸಿ ಹೊಸ ಲಗ್ ಹಾಕಿದ, ಕೇಬಲನ್ನು ಬಾಕ್ಸಿಗಿಂತ ಕೆಳಕ್ಕೆ ಬಾಗಿಸಿ ತಳದಿಂದ ಒಳಕ್ಕೆ ತಂದ. ಇನ್ನು ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಅಂಕಿ 0ಗೆ ಬಂದು ಅಲ್ಲೇ ನಿಂತಿತು.

ಮಲ್ಟಿಮೀಟರನ್ನು ಸರಣಿಯಲ್ಲಿ ಜೋಡಿಸಿ ಅವನು ನನಗೆ ತೋರಿಸಿದ ವಿಷಯವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ. ಸೆನ್ಸರು ಪ್ಯಾನಲಿಗೆ ಕಳಿಸುವುದು ಕರೆಂಟು, 4ರಿಂದ 20 ಮಿಲಿಆಂಪ್ ತನಕ. ಗಾಳಿ ಶುದ್ಧವಿದ್ದರೆ 4. ಈ ಸೆನ್ಸರುಗಳ ಅಳತೆ 100 ಪಿಪಿಎಂ ವರೆಗೆ, ಅಷ್ಟಾದರೆ 20. ಹೂಟರ್ ಕೂಗುವ 25 ಪಿಪಿಎಂಗೆ ಸರಿಯಾಗಿ 8. ಶುದ್ಧ ಗಾಳಿಗೆ 0 ಇಡದೆ 4 ಇಟ್ಟದ್ದರಲ್ಲಿ ಜಾಣ್ಮೆಯಿದೆ. ಕೇಬಲ್ ತುಂಡಾದರೆ ಕರೆಂಟು 0ಗೆ ಬೀಳುತ್ತದೆ, ಪ್ಯಾನಲ್ ಅದನ್ನು ಗುರುತಿಸಿ ಹಳದಿ ದೀಪ ಹಚ್ಚುತ್ತದೆ. ಇಲಿ ವೈರು ಕಡಿದರೂ ಗೊತ್ತಾಗುತ್ತದೆ. ಆದರೆ ಸೆನ್ಸರಿನ ಒಳಗಿನ ಸೆಲ್ಲೇ ಸತ್ತರೆ? ಅದರೊಳಗೆ ಇರುವುದು ಒಂದಿಷ್ಟು ರಾಸಾಯನಿಕ ದ್ರಾವಣ. ಅಮೋನಿಯಾ ತಾಗಿದಾಗ ಪ್ರತಿಕ್ರಿಯೆಯಾಗಿ ವಿದ್ಯುತ್ ಹುಟ್ಟುತ್ತದೆ. ಎರಡು ಮೂರು ವರ್ಷಕ್ಕೆ ಅದು ಸವೆಯುತ್ತದೆ, ಗ್ಯಾಸ್ ಹೆಚ್ಚು ಕುಡಿದರೆ ಇನ್ನೂ ಬೇಗ. ಸವೆದ ಸೆಲ್ಲಿನಿಂದ ಏನೂ ಹುಟ್ಟುವುದಿಲ್ಲ. ಆಗ ವೈರಿನಲ್ಲಿ ಹರಿಯುವುದು 4 ಮಿಲಿಆಂಪ್. ಪ್ಯಾನಲಿನಲ್ಲಿ ಬರುವುದು 0. ಉರಿಯುವುದು ಹಸಿರು ದೀಪ.

ಮೂರನೇ ಸೆನ್ಸರ್ 6 ತೋರಿಸುತ್ತಿತ್ತು. ಕುಣಿಯುತ್ತಿರಲಿಲ್ಲ, 6ರಲ್ಲೇ ನಿಂತಿತ್ತು. “ಅದು ಹಾಗೇ ಮಾರಾಯ, ಒಂದು ತಿಂಗಳಾಯ್ತು. ಝೀರೋ ಮಾಡಿ ಬಿಡು,” ಎಂದರು ಆಪರೇಟರ್. ಹುಡುಗ ತಲೆ ಅಲ್ಲಾಡಿಸಿದ. “ಈಗ ಬೇಡ ಅಣ್ಣ. ಗ್ಯಾಸ್ ನಿಜವಾಗಿ ಇದ್ರೆ ನಾವು ಅದಕ್ಕೆ ಕಣ್ಣು ಕಟ್ಟಿದ ಹಾಗೆ ಆಗ್ತದೆ.”

ಝೀರೋ ಬಟನ್ ಎನ್ನುವುದು ಇಡೀ ಮಾನಿಟರಿನಲ್ಲಿ ಅತ್ಯಂತ ಅಪಾಯಕಾರಿ ಬಟನ್ ಎಂದು ನನಗೆ ಅಲ್ಲಿ ಮನವರಿಕೆಯಾಯಿತು. ಅದನ್ನು ಒತ್ತಿದರೆ ಸೆನ್ಸರು ಆ ಕ್ಷಣದ ಗಾಳಿಯನ್ನೇ ಶುದ್ಧ ಗಾಳಿ ಎಂದು ಒಪ್ಪಿಕೊಳ್ಳುತ್ತದೆ. ಗಾಳಿಯಲ್ಲಿ 6 ಪಿಪಿಎಂ ಇರುವಾಗ ಒತ್ತಿದರೆ ಮುಂದೆ ಪ್ರತಿ ಸಲವೂ 6 ಕಡಿಮೆ ತೋರಿಸುತ್ತದೆ. ಸೋರಿಕೆ ಇದ್ದಲ್ಲೇ ಇರುತ್ತದೆ, ದೂರು ಮಾತ್ರ ಇಲ್ಲವಾಗುತ್ತದೆ.

ಹುಡುಗ ಕೈಯ ಮೀಟರನ್ನು ಹೊರಗಿನ ಗಾಳಿಯಲ್ಲಿ ಚಾಲೂ ಮಾಡಿ ಒಳಗೆ ತಂದ. ಅದೂ 5, 6 ಎಂದಿತು. ಅಲ್ಲಿಂದ ಮುಂದಿನ ಕೆಲಸ ಆಪರೇಟರದ್ದು. ಕೆಂಪು ಲಿಟ್ಮಸ್ ಕಾಗದವನ್ನು ಒದ್ದೆ ಮಾಡಿ ಪೈಪಿನ ಉದ್ದಕ್ಕೂ ಹಿಡಿಯುತ್ತ ನಡೆದರು. ಹೆಡರಿನ ಮೂರನೇ ವಾಲ್ವಿನ ಹತ್ತಿರ ಅದರ ಅಂಚು ನೀಲಿಗೆ ತಿರುಗಿತು. ಇನ್ನೂ ನಿಖರವಾಗಿ ಹಿಡಿಯಲು ಗಂಧಕದ ಬತ್ತಿ ಹಚ್ಚಿದರು. ಗಂಧಕದ ಹೊಗೆಗೆ ಅಮೋನಿಯಾ ಸಿಕ್ಕಿದರೆ ದಟ್ಟ ಬಿಳಿ ಹೊಗೆ ಏಳುತ್ತದೆ. ಬತ್ತಿಯನ್ನು ಸೆನ್ಸರಿನ ಹತ್ತಿರ ಒಯ್ಯುವಂತಿಲ್ಲ, ಆ ಹೊಗೆ ಸೆಲ್ಲಿನಿಂದ ಸುಳ್ಳು ಹೇಳಿಸಬಹುದು. ವಾಲ್ವಿನ ಫ್ಲೇಂಜಿನ ಸುತ್ತ ಬತ್ತಿ ತಿರುಗಿತು, ಏನೂ ಇಲ್ಲ. ಸ್ಪಿಂಡಲಿನ ಬುಡಕ್ಕೆ ಬಂದಾಗ ಒಂದು ತೆಳ್ಳನೆ ಬಿಳಿ ಎಳೆ ನೆಟ್ಟಗೆ ಎದ್ದಿತು. ಗ್ಲಾಂಡ್ ಪ್ಯಾಕಿಂಗ್! ಸ್ಪ್ಯಾನರಿನಲ್ಲಿ ನಟ್ಟನ್ನು ಕಾಲುಸುತ್ತು ಬಿಗಿದರು, ಎಳೆ ಕುಗ್ಗಿತು. ಇನ್ನೊಂದು ಸ್ವಲ್ಪ ಬಿಗಿದಾಗ ನಿಂತಿತು. ಎಕ್ಸಾಸ್ಟ್ ಫ್ಯಾನ್ ಓಡಿಸಿ ಅರ್ಧ ಗಂಟೆ ಕಾದರು. ಮೂರನೇ ಸಾಲಿನ ಅಂಕಿ ತಾನಾಗಿ 0ಗೆ ಇಳಿಯಿತು. ಬಟನ್ ಒತ್ತಬೇಕಾಗಿ ಬರಲಿಲ್ಲ. ತಿಂಗಳಿಡೀ ಆ ಸೆನ್ಸರು ಸತ್ಯವನ್ನೇ ಹೇಳಿತ್ತು.

ಮಾನಿಟರ್ ಸುಳ್ಳು ಕೂಗುವುದೂ ಉಂಟು. ಕಡಿಮೆ ಬೆಲೆಯ ಸೆಮಿಕಂಡಕ್ಟರ್ ಸೆನ್ಸರುಗಳಿಗೆ ಅಮೋನಿಯಾ ಯಾವುದು, ಥಿನ್ನರ್ ಯಾವುದು ಎಂಬ ಭೇದ ಗೊತ್ತಾಗುವುದಿಲ್ಲ. ಬೋಟಿಗೆ ಬಣ್ಣ ಬಳಿಯುವ ಈ ದಿನಗಳಲ್ಲಿ ಅಂಥ ಸೆನ್ಸರು ಇಟ್ಟವರ ಹೂಟರ್ ಹೊತ್ತುಗೊತ್ತಿಲ್ಲದೆ ಕೂಗುತ್ತದೆ. ನಾಲ್ಕು ಸಲ ಸುಳ್ಳು ಕೂಗಿದ ಹೂಟರಿನ ವೈರನ್ನು ಐದನೇ ಸಲ ಯಾರೋ ಕಿತ್ತಿಡುತ್ತಾರೆ. ಅಪಘಾತ ಶುರುವಾಗುವುದು ಆ ಕಿತ್ತಿಟ್ಟ ವೈರಿನಿಂದ. ಫ್ರಿಯಾನ್ ಜಾತಿಯ ಗ್ಯಾಸಿನ ಕತೆಯೇ ಬೇರೆ. ಆರ್-22, ಆರ್-404ಎ ಇಂಥವುಗಳ ವಾಸನೆ ನಮ್ಮ ಅರಿವಿಗೇ ಬರುವುದಿಲ್ಲ, ಗಾಳಿಗಿಂತ ಭಾರ, ಕೋಣೆಯ ತಳದಲ್ಲಿ ಸೇರಿಕೊಂಡು ಉಸಿರಾಡುವ ಗಾಳಿಯನ್ನೇ ಹೊರಗೆ ತಳ್ಳುತ್ತವೆ. ಅಲ್ಲಿ ಸೆನ್ಸರು ಮೊಣಕಾಲಿನ ಎತ್ತರಕ್ಕೆ ಇರಬೇಕು. ಹಿಂದಿನ ಮೆಕ್ಯಾನಿಕ್‌ಗಳು ಹೇಲೈಡ್ ದೀಪ ಹಿಡಿದು ಹುಡುಕುತ್ತಿದ್ದರು. ಗ್ಯಾಸಿನಲ್ಲಿ ಕ್ಲೋರಿನ್ ಇದ್ದರೆ ಜ್ವಾಲೆ ಹಸಿರಾಗುತ್ತಿತ್ತು. ಓಝೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಬಂದ ಆರ್-134ಎ ತರಹದ ಗ್ಯಾಸುಗಳಲ್ಲಿ ಕ್ಲೋರಿನ್ನೇ ಇಲ್ಲ, ಆ ದೀಪಕ್ಕೂ ಕೆಲಸವಿಲ್ಲ.

ಗಾಳಿಯ ಮಾನಿಟರಿಗೆ ಸಿಗದ ಸೋರಿಕೆಯೂ ಒಂದಿದೆ. ಬ್ರೈನಿನಲ್ಲಿ ಮುಳುಗಿದ ಕಾಯಿಲ್ ತೂತಾದರೆ ಅಮೋನಿಯಾ ಉಪ್ಪುನೀರಿಗೆ ಸೇರಿ ಕರಗುತ್ತದೆ. ವಾಸನೆ ಬಾರದು, ಅಂಕಿ ಏರದು. 2017ರ ಅಕ್ಟೋಬರ್ 17ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಫರ್ನಿ ಎಂಬ ಊರಿನ ಐಸ್ ಕ್ರೀಡಾಂಗಣದಲ್ಲಿ ಮೂವರು ಸತ್ತದ್ದು ಇಂಥ ಸೋರಿಕೆಯಿಂದ. ಚಿಲ್ಲರಿನ ಟ್ಯೂಬಿನಿಂದ ಅಮೋನಿಯಾ ಬ್ರೈನಿಗೆ ಇಳಿದಿತ್ತು. ಬ್ರೈನಿನಲ್ಲಿ ಅಮೋನಿಯಾ ಇದೆ ಎಂಬುದು ಅದೇ ವರ್ಷ ತಿಂಗಳುಗಳ ಹಿಂದೆಯೇ ಪರೀಕ್ಷೆಯಲ್ಲಿ ಗೊತ್ತಾಗಿತ್ತು; ಹೊಸ ಸೀಸನ್ ಬಂತೆಂದು ಚಿಲ್ಲರ್ ಮತ್ತೆ ಚಾಲೂ ಆಗಿತ್ತು. ಸೀಸನ್ ಎಂಬ ಒತ್ತಡ ಫರ್ನಿಯಲ್ಲೂ ಒಂದೇ, ಮಲ್ಪೆಯಲ್ಲೂ ಒಂದೇ. ಆಪರೇಟರ್ ಟ್ಯಾಂಕಿನ ಎರಡು ಕಡೆಯಿಂದ ಬ್ರೈನ್ ತೆಗೆದು ಗಾಜಿನ ಕೊಳವೆಗೆ ಹಾಕಿ ನೆಸ್ಲರ್ ದ್ರಾವಣದ ಹನಿ ಬಿಟ್ಟರು. ಅಮೋನಿಯಾ ಇದ್ದರೆ ಅದು ಹಳದಿಯಾಗುತ್ತದೆ, ಹೆಚ್ಚಿದ್ದರೆ ಕಂದು. ಎರಡೂ ಕೊಳವೆಗಳನ್ನು ಬಾಗಿಲಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಳದಿ ಬರಲಿಲ್ಲ.

ಉಳಿದದ್ದು ಒಂದು ಮತ್ತು ನಾಲ್ಕು. ಎರಡೂ 0, ಎರಡೂ ಹಸಿರು. ಅವುಗಳ ಬಗ್ಗೆ ಯಾರ ದೂರೂ ಇರಲಿಲ್ಲ. ಹುಡುಗ ಹೊರಗಿನವರಿಗೆಲ್ಲ ಹೇಳಿ ಬರಲು ಒಬ್ಬನನ್ನು ಕಳಿಸಿದ, ಹೂಟರ್ ಕೂಗಿದರೆ ಹೆದರಬೇಡಿ, ಪರೀಕ್ಷೆ ಎಂದು. ಆಮೇಲೆ ಸಿಲಿಂಡರ್ ತೆಗೆದ. ಅದರಲ್ಲಿರುವುದು ಅಳತೆ ಮಾಡಿ ಬೆರೆಸಿದ 50 ಪಿಪಿಎಂ ಅಮೋನಿಯಾ. ಅದಕ್ಕೂ ಅವಧಿ ಉಂಟು. ಲೇಬಲ್ಲಿನ ತಾರೀಕನ್ನು ಮೊದಲು ಓದಿದ. ಕೊಳವೆ ಟೆಫ್ಲಾನಿನದು, ಮಾಮೂಲಿ ರಬ್ಬರ್ ಕೊಳವೆಗೆ ಅಮೋನಿಯಾ ಮೆತ್ತಿಕೊಂಡು ಸೆನ್ಸರಿಗೆ ಮುಟ್ಟುವುದು ಕಡಿಮೆಯೇ. ಏಣಿ ಹತ್ತಿ ಒಂದನೇ ಸೆನ್ಸರಿನ ಬಾಯಿಗೆ ಕಪ್ಪು ಕಪ್ ಸಿಕ್ಕಿಸಿ ವಾಲ್ವ್ ತಿರುಗಿಸಿದ. ನಾನು ಪ್ಯಾನಲಿನ ಮುಂದೆ ನಿಂತಿದ್ದೆ. 0. 0. 4. 13. 26, ಅಷ್ಟರಲ್ಲಿ ಹೂಟರ್ ಕಿವಿ ಕಿತ್ತುಹೋಗುವಂತೆ ಕೂಗಿತು, ಕೆಂಪು ದೀಪ ತಿರುಗಿತು, ಕೋಣೆಯ ಎಕ್ಸಾಸ್ಟ್ ಫ್ಯಾನ್ ತಾನಾಗಿ ಚಾಲೂ ಆಯಿತು. ಆ ಫ್ಯಾನ್ ನಿಜಕ್ಕೂ ತಿರುಗುತ್ತದೆಯೇ ಎಂದು ಆಪರೇಟರ್ ಹೊರಗೆ ಹೋಗಿ ಅದರ ಗಾಳಿಗೆ ಕೈ ಹಿಡಿದು ನೋಡಿ ಬಂದರು. ಪ್ಯಾನಲಿನ ದೀಪ ಹೇಳುವುದು ರಿಲೇ ಬಿದ್ದಿದೆ ಎಂದಷ್ಟೇ. ಮೋಟಾರು ಸುಟ್ಟಿದ್ದರೆ ಅದಕ್ಕೇನು ಗೊತ್ತು? ಅಂಕಿ 48ಕ್ಕೆ ಹೋಗಿ ನಿಂತಿತು. ಚೆನ್ನಾಗಿದೆ.

ಏಣಿ ನಾಲ್ಕನೆಯದರ ಕೆಳಗೆ ಬಂತು. ಕಪ್ ಸಿಕ್ಕಿಸಿದ, ವಾಲ್ವ್ ತಿರುಗಿಸಿದ. 0. ಅರ್ಧ ನಿಮಿಷ. 0. ಕೊಳವೆ ಮಡಚಿದೆಯೇ ಎಂದು ನೋಡಿದ, ಸಿಲಿಂಡರಿನ ಒತ್ತಡ ನೋಡಿದ, ಕಪ್ ತೆಗೆದು ಮತ್ತೆ ಒತ್ತಿ ಸಿಕ್ಕಿಸಿದ. ಎರಡು ನಿಮಿಷದ ಹೊತ್ತಿಗೆ 2 ಬಂತು, 3 ಆಯಿತು, ಅಷ್ಟೇ. 50 ಪಿಪಿಎಂ ಅಮೋನಿಯಾ ಅದರ ಬಾಯಿಯ ಮೇಲೇ ಹರಿಯುತ್ತಿತ್ತು. ಹಸಿರು ದೀಪ ಹಸಿರಾಗಿಯೇ ಇತ್ತು.

ಆಪರೇಟರ್ ಮಾತಾಡಲಿಲ್ಲ. ಆಯಿಲ್ ಡ್ರೇನ್ ಮಾಡುವುದು ಅವರೇ, ಅದೇ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು. ಅಮೋನಿಯಾ ಪ್ಲಾಂಟಿನಲ್ಲಿ ಜನ ಗ್ಯಾಸಿಗೆ ಸಿಕ್ಕಿಬೀಳುವ ಕೆಲಸಗಳಲ್ಲಿ ಮೊದಲನೆಯದು ಅದು. ಎಣ್ಣೆ ಮುಗಿದ ಕೂಡಲೇ ಅದರ ಹಿಂದೆ ದ್ರವ ಅಮೋನಿಯಾ ಬರುತ್ತದೆ, ವಾಲ್ವ್ ಮುಚ್ಚಲು ಸಿಗುವುದು ಒಂದೆರಡು ಕ್ಷಣ. ಸೆಲ್ಲಿನ ಹಿಂಬದಿಯ ಸ್ಟಿಕ್ಕರಿನಲ್ಲಿ ತಯಾರಾದ ತಾರೀಕು ಇತ್ತು. ಅದರ ವಯಸ್ಸು ಮೂರು ವರ್ಷ ದಾಟಿತ್ತು. ಮೂಲೆಯಲ್ಲಿ ಹೆಚ್ಚು ಗ್ಯಾಸ್ ಕುಡಿದದ್ದೂ ಅದೇ. ಎಲ್ಲಕ್ಕಿಂತ ಹೆಚ್ಚು ಬೇಕಾದ ಜಾಗದ ಸೆಲ್ಲೇ ಎಲ್ಲಕ್ಕಿಂತ ಬೇಗ ಸವೆಯುತ್ತದೆ ಎಂದ ಹುಡುಗ. ಈ ಮಾತನ್ನು ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜು, ಹಾಲಿನ ಡೈರಿ ನಡೆಸುವ ಪ್ರತಿಯೊಬ್ಬರ ಕಿವಿಗೂ ಹಾಕಬೇಕು ಎನ್ನಿಸಿತು. ಮಾನಿಟರ್ ಹಾಕಿಸಿದ್ದೇವೆ ಎಂದು ತೋರಿಸಲು ಬಿಲ್ ಸಾಕು. ಅದು ಬದುಕಿದೆ ಎಂದು ತೋರಿಸಲು ಗ್ಯಾಸನ್ನೇ ಮೂಸಿಸಬೇಕು.

ಅಷ್ಟರಲ್ಲಿ ಬೋಟಿನವರ ಫೋನು. ಐಸ್ ಎಷ್ಟು ಹೊತ್ತಿಗೆ, ಯಾವತ್ತಿಗೆ? “ಕಂಪ್ರೆಸರ್ ಇವತ್ತು ಬಿಡ್ಲಿಕ್ಕೆ ಇಲ್ಲ,” ಎಂದರು ಆಪರೇಟರ್. ಆ ಕಡೆಯಿಂದ ಏನೋ ದೊಡ್ಡ ದನಿ. “ಹೌದು, ನಂಗೂ ಗೊತ್ತುಂಟು. ಸೆಲ್ ಬರ್ಲಿ. ಆಮೇಲೆ ಆಯಿಲ್ ತೆಗೀತೇನೆ, ಆಮೇಲೆ ಬಿಡ್ತೇನೆ.”

ಹೊಸ ಸೆಲ್ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂತು. ಹಾಕಿದ ಕೂಡಲೇ ಅದನ್ನು ನಂಬುವಂತಿಲ್ಲ, ಸ್ಥಿರವಾಗಲು ಗಂಟೆಗಟ್ಟಲೆ ಬಿಡಬೇಕು. ಆ ಬಿಡುವಿನಲ್ಲಿ ಹುಡುಗ ಬಾಗಿಲ ಬಳಿಯ ಸೂಚನೆಯ ಹಲಗೆಯನ್ನು ಓದುತ್ತಿದ್ದ. ಹೂಟರ್ ಕೂಗಿದರೆ ಗಾಳಿಗೆ ಅಡ್ಡವಾಗಿ ಓಡಿ, ಒದ್ದೆ ಬಟ್ಟೆ ಮೂಗಿಗೆ ಹಿಡಿಯಿರಿ, ಚೆಲ್ಲಿದ ದ್ರವದ ಮೇಲೆ ನೀರು ಹಾಕಬೇಡಿ ಎಂದೆಲ್ಲ ಚೆಂದವಾಗಿ ಕನ್ನಡದಲ್ಲಿ ಬರೆದಿತ್ತು. ಕ್ಯಾನು ಎತ್ತುವ, ಬ್ಲಾಕ್ ಒಡೆಯುವ ಕೆಲಸದವರು ಒಡಿಶಾ, ಜಾರ್ಖಂಡ್ ಕಡೆಯವರು. ಅವರಲ್ಲಿ ಒಬ್ಬನನ್ನು ಕರೆದು ಕೇಳಿದರೆ, ಅದು ಐಸಿನ ರೇಟು ಎಂದುಕೊಂಡಿದ್ದೆ ಎಂದ. ಸಂಜೆಯೊಳಗೆ ಪಕ್ಕದಲ್ಲಿ ಹಿಂದಿಯಲ್ಲೂ ಒಡಿಯಾದಲ್ಲೂ ಬರೆಸಿದರು. ಮಾಡಿನ ಮೇಲಿನ ಗಾಳಿಚೀಲದ ಕಡೆ ಕೈ ತೋರಿಸಿ ಯಾವ ಕಡೆ ಓಡಬೇಕೆಂದು ಆಪರೇಟರ್ ತಾವೇ ಓಡಿ ತೋರಿಸಿದರು. ಮಳೆಗಾಲದ ಗಾಳಿ ಕಡಲಿನಿಂದ ಊರಿನ ಕಡೆ ಬೀಸುತ್ತದೆ. ಗೇಟು ಇರುವುದೂ ಅದೇ ಕಡೆ. ಹಾಗಾಗಿ ಬಡಗಣ ಗೋಡೆಯಲ್ಲಿ ಬೀಗ ಹಾಕಿದ್ದ ಸಣ್ಣ ಬಾಗಿಲಿನ ಬೀಗ ತೆಗೆಸಿದರು.

ಹೊಸ ಸೆಲ್ಲಿಗೆ ಗ್ಯಾಸ್ ಮುಟ್ಟಿಸಿದಾಗ ಅಂಕಿ 49ಕ್ಕೆ ಏರಿತು, ಹೂಟರ್ ಕೂಗಿತು. ಆಪರೇಟರ್ ಮಾಸ್ಕ್ ಹಾಕಿಕೊಂಡು ಆಯಿಲ್ ತೆಗೆದರು. ನಾಲ್ಕನೇ ಸಾಲಿನಲ್ಲಿ ಅಂಕಿ 7ರ ತನಕ ಹೋಗಿ ಇಳಿಯಿತು. ಕಂಪ್ರೆಸರ್ ಚಾಲೂ ಆಯಿತು. ಪ್ಯಾನಲಿನ ಬಾಗಿಲಿನ ಒಳಬದಿಗೆ ಹುಡುಗ ನಾಲ್ಕೂ ಸೆಲ್ಲುಗಳ ತಾರೀಕು ಬರೆದ, ಮುಂದಿನ ಪರೀಕ್ಷೆಯ ತಾರೀಕನ್ನೂ ಬರೆದ. ಅದು ಸೀಸನ್ನಿನ ನಟ್ಟನಡುವೆ ಬೀಳುತ್ತಿತ್ತು, ಬೋಟುಗಳು ಐಸಿಗೆ ಸಾಲು ಹಚ್ಚಿ ನಿಲ್ಲುವ ದಿನಗಳಲ್ಲಿ. ಮುಂದೆ ಹಾಕಲೇ ಎಂದು ಕೇಳಿದ. “ಬೇಡ, ಅದೇ ಇರ್ಲಿ,” ಎಂದರು ಆಪರೇಟರ್. “ಆಗ ತಾನೇ ಗ್ಯಾಸ್ ಓಡುದು.”